ಸಕ್ಕರೆ ಗುಳಿಗೆಯೂ ಚಂದ್ರಮತಿಯ ಅಳುವೂ

ನಮ್ಮ ಕಡೆಯ ಮನೆಗಳಲ್ಲಿ ಮೂರು ಪುಸ್ತಕಗಳಿಗೆ ಕಾಯಂ ಜಾಗವಿದೆ. ದೇವರ ಗೂಡಿನ ಪಕ್ಕದಲ್ಲಿ ಪಂಚಾಂಗ, ಅಡುಗೆಮನೆಯ ಕಪಾಟಿನಲ್ಲಿ ಎಣ್ಣೆಯ ಕಲೆ ಹಿಡಿದ ಪಾಕಶಾಸ್ತ್ರ, ಔಷಧಿಯ ಡಬ್ಬದ ಕೆಳಗೆ ಹೋಮಿಯೋಪಥಿ ಕೈಪಿಡಿ. ಮೂರನೆಯದನ್ನು ನಾವು ಪುಸ್ತಕವೆಂದು ಓದುವುದೇ ಇಲ್ಲ. ಮಗುವಿಗೆ ನೆಗಡಿಯಾದರೆ ಒಂದು ಪುಟ, ಯಜಮಾನರಿಗೆ ಸೊಂಟ ಹಿಡಿದರೆ ಇನ್ನೊಂದು ಪುಟ ತಿರುವಿ, ಹೆಸರು ಬರೆದುಕೊಂಡು ಅಂಗಡಿಗೆ ಹೋಗುತ್ತೇವೆ. ಆದರೆ ಆ ಪುಸ್ತಕದಲ್ಲಿ ದುಃಖಕ್ಕೂ ಒಂದು ಪುಟವಿದೆ. ಕನ್ನಡ ಕಲಿಸುವುದು ನನ್ನ ಉದ್ಯೋಗ. ಆದ್ದರಿಂದ ಆ ಪುಟವನ್ನು ತರಗತಿಯಲ್ಲಿ ಒಂದು ಪಾಠವನ್ನು ಓದುವ ಹಾಗೆ ಓದಿ, ಅದಕ್ಕೆ ಎಷ್ಟು ಅಂಕ ಸಲ್ಲಬೇಕು ಎಂದು ನೋಡುವುದು ಈ ಬರಹದ ಉದ್ದೇಶ.

ಕನ್ನಡದಲ್ಲಿ ಸಿಗುವ ಇಂಥ ಕೈಪಿಡಿಗಳ ಹಿಂದೆ ಹೆಚ್ಚಾಗಿ ಅಮೆರಿಕದ ಇಬ್ಬರು ವೈದ್ಯರು ನಿಂತಿದ್ದಾರೆ. ಒಬ್ಬರು ವಿಲಿಯಂ ಬೋರಿಕ್. ಅವರ ಕಿರುಹೊತ್ತಗೆ ಮೊದಲು ಬಂದದ್ದು 1901ರಲ್ಲಿ. ಇನ್ನೊಬ್ಬರು ಜೇಮ್ಸ್ ಟೈಲರ್ ಕೆಂಟ್. ಯಾವ ಲಕ್ಷಣಕ್ಕೆ ಯಾವ ಔಷಧಿ ಎಂಬ ಅವರ ದೊಡ್ಡ ಕೋಶ 1897ರದು. ಕೆಂಟ್ ತಮ್ಮ ಕೋಶವನ್ನು ಮೈಯಿಂದ ಆರಂಭಿಸುವುದಿಲ್ಲ, ಮನಸ್ಸಿನಿಂದ ಆರಂಭಿಸುತ್ತಾರೆ. ಆ ಮೊದಲ ಅಧ್ಯಾಯದಲ್ಲಿಯೇ ದುಃಖದಿಂದ ಹುಟ್ಟಿದ ತೊಂದರೆಗಳು ಎಂಬ ತಲೆಬರಹ ಬರುತ್ತದೆ. ಅದರ ಕೆಳಗೆ ಔಷಧಿಗಳ ಹೆಸರುಗಳು, ಅವುಗಳ ತೂಕಕ್ಕೆ ತಕ್ಕಂತೆ ದಪ್ಪಕ್ಷರ, ಓರೆಯಕ್ಷರ, ಸಾದಾ ಅಕ್ಷರಗಳಲ್ಲಿ ನಿಂತಿವೆ. ದುಃಖವನ್ನು ಅಕ್ಷರದ ದಪ್ಪದಿಂದ ತೂಗಿದ ಪುಸ್ತಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಗುಣವನ್ನೇ ಹೇಳುತ್ತೇನೆ. ದುಃಖ ಒಂದೇ ಬಗೆಯದಲ್ಲ ಎಂದು ಈ ಪುಸ್ತಕಗಳಿಗೆ ಗೊತ್ತು. ಇಗ್ನೇಷಿಯಾ ಎಂಬ ಔಷಧಿಯ ಕೆಳಗೆ ಹೊಸ ದುಃಖದ ಚಿತ್ರವಿದೆ. ನಿಟ್ಟುಸಿರು, ಗಂಟಲಲ್ಲಿ ಉಂಡೆ ಸಿಕ್ಕಿದಂತಾಗುವುದು, ಈಗ ಅಳು, ಇನ್ನೊಂದು ಗಳಿಗೆಗೆ ನಗು. ನೇಟ್ರಂ ಮೂರ್ ಎಂದರೆ ನಾವು ಸಾರಿಗೆ ಹಾಕುವ ಉಪ್ಪು. ಅದರ ಕೆಳಗೆ ಹಳೆಯ ದುಃಖ, ಯಾರ ಎದುರಿಗೂ ಅಳದವರ ದುಃಖ, ಸಮಾಧಾನ ಹೇಳಲು ಹೋದರೆ ಕೆರಳುವವರ ದುಃಖ. ಅದಕ್ಕೆ ವಿರುದ್ಧವಾಗಿ ಪಲ್ಸಟಿಲ್ಲಾದವರಿಗೆ ಪಕ್ಕದಲ್ಲಿ ಯಾರಾದರೂ ಕುಳಿತು ತಲೆ ಸವರಬೇಕು. ಫಾಸ್ಫಾರಿಕ್ ಆಸಿಡ್‌ನವರು ಏನೂ ಬೇಡವಾಗಿ, ಕೇಳಿದ್ದಕ್ಕೆ ಒಂದು ಮಾತಿನ ಉತ್ತರ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗುವವರು. ಅವಮಾನವನ್ನು ನುಂಗಿಕೊಂಡವರಿಗೆ ಸ್ಟ್ಯಾಫಿಸಾಗ್ರಿಯಾ. ಸಾವಿನ ಮನೆಯಲ್ಲಿ ಅಳುವವಳೊಬ್ಬಳಿಗೇ ದುಃಖ, ಅಳದವಳದು ಕಲ್ಲೆದೆ ಎಂದು ಆಡಿಕೊಳ್ಳುವ ನಮ್ಮ ಸಮಾಜಕ್ಕಿಂತ ಈ ಪುಟಗಳು ಹೆಚ್ಚು ಉದಾರವಾಗಿವೆ. ಅಳದವಳಿಗೂ ಇಲ್ಲಿ ಒಂದು ಸಾಲಿದೆ, ಸಮಾಧಾನ ಬೇಡ ಎನ್ನುವವಳಿಗೂ ಒಂದು ಸಾಲಿದೆ. ಇದು ಸಣ್ಣ ಮಾತಲ್ಲ.

ಈ ವೈದ್ಯಪದ್ಧತಿಯನ್ನು ಕಟ್ಟಿದ ಸ್ಯಾಮ್ಯುಯೆಲ್ ಹಾನಿಮನ್ ಜರ್ಮನಿಯ ಮೈಸೆನ್ ಊರಿನವರು, 1755ರಲ್ಲಿ ಹುಟ್ಟಿದವರು. 11 ಮಕ್ಕಳ ತಂದೆಯಾಗಿದ್ದ ಅವರು ತಮ್ಮ ಮನೆಯಲ್ಲೇ ಸಾವನ್ನು ಸಾಕಷ್ಟು ಕಂಡವರು. 1810ರ ಅವರ ಮುಖ್ಯ ಗ್ರಂಥ ಆರ್ಗನಾನ್‌ನಲ್ಲಿ ರೋಗಿಯ ಮಾತನ್ನು ಹೇಗೆ ಕೇಳಬೇಕೆಂಬ ವಿವರ ಇದೆ. ರೋಗಿ ಮಾತಾಡುವಾಗ ವೈದ್ಯ ಅಡ್ಡ ಬಾಯಿ ಹಾಕಬಾರದು, ಅವರು ಆಡಿದ ಮಾತುಗಳಲ್ಲೇ ಬರೆದುಕೊಳ್ಳಬೇಕು, ಹೊಸ ಸಂಗತಿ ಬಂದರೆ ಹೊಸ ಸಾಲಿನಲ್ಲಿ ಬರೆಯಬೇಕು. ಪ್ರಬಂಧ ಬರೆಯುವ ಮಕ್ಕಳಿಗೆ ನಾನು ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಹಾನಿಮನ್ನರ ಕಾಲದಲ್ಲಿ ಬೇರೆ ವೈದ್ಯರು ರಕ್ತ ಹರಿಸುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. ಸುಮ್ಮನೆ ಕೂತು ಕೇಳುವ ವೈದ್ಯ ಆಗ ಎಷ್ಟು ದೊಡ್ಡ ಉಪಕಾರಿಯಾಗಿ ಕಂಡಿರಬೇಕು!

ನಮ್ಮ ಕರ್ನಾಟಕದಲ್ಲಿ ಇದು ಬೇರು ಬಿಟ್ಟದ್ದಕ್ಕೂ ಇಂಥದೇ ಕಾರಣವಿದೆ. ಜರ್ಮನಿಯ ಜೆಸ್ವಿಟ್ ಪಾದ್ರಿ ಫಾದರ್ ಆಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದು, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು. ಮುಂದೆ ಅಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಬಂತು, ಪ್ಲೇಗು ರೋಗಿಗಳಿಗೆ ಜಾಗವಾಯಿತು. ಇವತ್ತು ಅದು ದೊಡ್ಡ ಸಂಸ್ಥೆ. ದೇರಳಕಟ್ಟೆಯ ಅವರ ಹೋಮಿಯೋಪಥಿ ಕಾಲೇಜು 1985ರದು. ಇಗ್ನೇಷಿಯಾ ಎಂಬ ಹೆಸರಿಗೂ ಜೆಸ್ವಿಟರಿಗೂ ನಂಟಿದೆ. ಅದು ಫಿಲಿಪ್ಪೀನ್ಸ್ ದ್ವೀಪಗಳ ಒಂದು ಬಳ್ಳಿಯ ಬೀಜ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಲ್ಲಿದ್ದ ಜೆಸ್ವಿಟರು ಅದನ್ನು ಯುರೋಪಿಗೆ ಪರಿಚಯಿಸಿದಾಗ ತಮ್ಮ ಸಂಘದ ಸ್ಥಾಪಕರಾದ ಸಂತ ಇಗ್ನೇಷಿಯಸ್ ಅವರ ಹೆಸರು ಅದಕ್ಕೆ ಬಂತು. ಅದು ನಮ್ಮ ಕಾಸರಕದ ಹತ್ತಿರದ ನೆಂಟ. ಕಾಸರಕದಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷವೇ ಅದರಲ್ಲೂ ಇದೆ. ಬಾಯಿಗೆ ಇಡಲಾಗದಷ್ಟು ಕಹಿ. ದುಃಖಕ್ಕೆ ಕಹಿಬೀಜ, ಕಣ್ಣೀರಿಗೆ ಉಪ್ಪು! ಕವಿಗಳ ಉಪಮೆಯಂತೆ ಕೇಳಿಸುತ್ತದೆ, ಕಿವಿಗೆ ಹಿತವಾಗಿಯೂ ಇದೆ. ಆದರೆ ಉಪಮೆ ಬೇರೆ, ಔಷಧಿ ಬೇರೆ.

ಇನ್ನು ಲೆಕ್ಕಕ್ಕೆ ಬರೋಣ. 30 ಎಂದು ಬರೆದ ಸೀಸೆಯ ಅರ್ಥವೇನು? ಮೂಲದ ಒಂದು ಪಾಲಿಗೆ 99 ಪಾಲು ಮದ್ಯಸಾರ ಸೇರಿಸಿ ಕುಲುಕುತ್ತಾರೆ. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲಿಗೆ ಸೇರಿಸುತ್ತಾರೆ. ಹೀಗೆ ಮೂವತ್ತು ಸಲ. ಕೊನೆಗೆ ಸೀಸೆಯಲ್ಲಿ ಉಳಿಯುವ ಮೂಲದ ಪಾಲನ್ನು ಹೇಳಲು ಒಂದರ ಮುಂದೆ 60 ಸೊನ್ನೆ ಹಾಕಿ ಭಾಗಿಸಬೇಕು. ರಸಾಯನಶಾಸ್ತ್ರದ ಪ್ರಕಾರ ಹನ್ನೆರಡನೆಯ ಸಲ ದಾಟುವ ಹೊತ್ತಿಗೇ ಮೂಲದ ಒಂದು ಕಣ ಉಳಿದಿರುವುದೂ ಅನುಮಾನ. 200 ಎಂಬ ಸೀಸೆಯ ಮಾತು ಬಿಡಿ. ಗುಳಿಗೆಯಲ್ಲಿರುವುದು ಸಕ್ಕರೆ. ಹೋಮಿಯೋಪಥಿಯವರು ಕುಲುಕುವುದರಿಂದ ಶಕ್ತಿ ಉಳಿಯುತ್ತದೆ ಎನ್ನುತ್ತಾರೆ. ಹಾಗಿದ್ದರೆ ರೋಗಿಗಳ ಮೇಲೆ ಅದರ ಗುಣ ಕಾಣಬೇಕಲ್ಲ? ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 61 ಬಗೆಯ ತೊಂದರೆಗಳ ಮೇಲಿನ ಅಧ್ಯಯನಗಳನ್ನು ಪರಿಶೀಲಿಸಿ, ಯಾವುದರಲ್ಲೂ ಇದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ನಂಬಬಹುದಾದ ಆಧಾರವಿಲ್ಲ ಎಂದು 2015ರಲ್ಲಿ ಹೇಳಿತು. ನಮ್ಮಲ್ಲಿ ಈ ಪದ್ಧತಿಗೆ ಸರ್ಕಾರದ ಮನ್ನಣೆ ಇದೆ, ಕಾಲೇಜುಗಳಿವೆ, 2020ರ ಕಾಯ್ದೆಯಂತೆ ರಾಷ್ಟ್ರೀಯ ಆಯೋಗವೂ ಇದೆ. ಆದರೆ ಮನ್ನಣೆ ಕೊಡುವುದು ವೈದ್ಯರ ಓದಿಗೆ. ಗುಳಿಗೆಯ ಗುಣವನ್ನು ಕಾಯ್ದೆ ಸಾಬೀತು ಮಾಡಲಾರದು.

ಹಾಗಾದರೆ ಗುಣವಾದವರು ಇಲ್ಲವೇ ಎಂದು ನೀವು ಕೇಳುತ್ತೀರಿ. ಇದ್ದಾರೆ, ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಅಣ್ಣ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ದೇಹ ಮನೆಗೆ ಬರಲಿಲ್ಲ. ಹನ್ನೊಂದನೆಯ ದಿನಕ್ಕೆ ನೆಂಟರು ಬರಲಿಲ್ಲ. ಅತ್ತಿಗೆ ಅಳಲಿಲ್ಲ. ಫೋನು ಬಂದರೆ ಎತ್ತುತ್ತಿರಲಿಲ್ಲ, ಯಾರಾದರೂ ಸಮಾಧಾನ ಹೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಮೂರು ಹೊತ್ತೂ ಮಜ್ಜಿಗೆ ಅನ್ನಕ್ಕೆ ಉಪ್ಪಿನಕಾಯಿ ಮಾತ್ರ. ಮೂರು ತಿಂಗಳ ಮೇಲೆ ಇಂದಿರಾನಗರದ ಕಡೆಯ ಒಬ್ಬ ಹೋಮಿಯೋಪಥಿ ವೈದ್ಯರ ಬಳಿಗೆ ಅವರ ತಂಗಿ ಕರೆದುಕೊಂಡು ಹೋದರು. ಕೊಟ್ಟದ್ದು ನೇಟ್ರಂ ಮೂರ್, 200. ಪುಸ್ತಕದ ಪುಟಕ್ಕೂ ಅತ್ತಿಗೆಗೂ ಅಷ್ಟು ಹೊಂದಿಕೆಯಿತ್ತು. ಉಪ್ಪಿನ ಆಸೆ ಕೂಡ ಆ ಪುಟದಲ್ಲಿದೆ. ದೀಪಾವಳಿಯ ಹೊತ್ತಿಗೆ ಅತ್ತಿಗೆ ಎದ್ದು ಓಡಾಡುತ್ತಿದ್ದರು.

ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ನಾನು ಕೇಳಿದೆ, "ಅತ್ತಿಗೆ, ಆ ಗುಳಿಗೆಯಿಂದ ನಿಜವಾಗಿ ಗುಣ ಕಂಡಿತೇ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಗುಳಿಗೆ ವಿಷಯ ನನಗೆ ಗೊತ್ತಿಲ್ಲ ಕಣೇ. ಆ ಡಾಕ್ಟ್ರು ನಿಮ್ಮಣ್ಣ ಹೇಗಿದ್ದರು ಅಂತ ಕೇಳಿದರು. ಏನು ತಿಂತಿದ್ದರು, ಯಾವ ಹಾಡು ಇಷ್ಟ, ಜಗಳ ಆಡ್ತಿದ್ರಾ ಅಂತ. ಒಂದು ಗಂಟೆ ಮಾತಾಡಿದೆ. ಅಲ್ಲಿವರೆಗೆ ಎಲ್ಲರೂ ಆಕ್ಸಿಜನ್ ಎಷ್ಟಿತ್ತು, ಬಿಲ್ ಎಷ್ಟಾಯ್ತು ಅಂತ ಕೇಳಿದ್ದರೇ ಹೊರತು ಅವರ ವಿಷಯ ಯಾರೂ ಕೇಳಿರಲಿಲ್ಲ."

ಈ ಮಾತು ನನ್ನ ವಿಮರ್ಶೆಗೆ ದಾರಿ ತೋರಿಸಿತು. ಆಮೇಲೆ ಆ ಪುಟಗಳನ್ನು ಮತ್ತೆ ಓದಿದೆ. ನಿಟ್ಟುಸಿರು ಇದೆ, ತಲೆನೋವು ಇದೆ, ಉಪ್ಪಿನ ಆಸೆ ಇದೆ, ಬಿಸಿಲು ಆಗುವುದಿಲ್ಲ ಎಂಬುದೂ ಇದೆ. ಇಲ್ಲದಿರುವುದು ಒಂದೇ, ಸತ್ತವರು. ದುಃಖಪಡುವವರ ಮೈಮನಸ್ಸಿನ ಪಟ್ಟಿ ಇಷ್ಟು ಉದ್ದವಾಗಿದ್ದರೂ ಯಾರಿಗಾಗಿ ಈ ದುಃಖ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಗಂಡ ಹೋದರೂ ಮಗು ಹೋದರೂ, ನೌಕರಿ ಹೋದರೂ ಲಕ್ಷಣ ಒಂದೇ ಆದರೆ ಸೀಸೆಯೂ ಒಂದೇ. ಅತ್ತಿಗೆಗೆ ನೆರವಾದ ಪ್ರಶ್ನೆ ಪುಸ್ತಕದ ಪಟ್ಟಿಯಲ್ಲಿಲ್ಲ. ಅದು ಆ ವೈದ್ಯರ ಸ್ವಂತ ಮನುಷ್ಯತ್ವದಿಂದ ಬಂದದ್ದು.

ಇದಕ್ಕೆ ಎದುರಾಗಿ ನಾವು ಶಾಲೆಯಲ್ಲಿ ಕಲಿಸುತ್ತಾ ಬಂದ ಒಂದು ಭಾಗವನ್ನು ಇಟ್ಟು ನೋಡಿ. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಚಂದ್ರಮತಿಯ ಪ್ರಲಾಪ ಅದು. ಹದಿಮೂರನೆಯ ಶತಮಾನದ ಹಂಪೆಯ ಕವಿ ವಾರ್ಧಕ ಷಟ್ಪದಿಯಲ್ಲಿ ಬರೆದದ್ದು. ಹಲಸೂರಿನ ಸುತ್ತಿನ ಮಕ್ಕಳಲ್ಲಿ ಮನೆಮಾತು ತಮಿಳು, ಉರ್ದು, ತೆಲುಗು ಆದವರೇ ಹೆಚ್ಚು. ಹಳಗನ್ನಡ ನಡುಗನ್ನಡ ಎಂದರೆ ಅವರಿಗೆ ಕಬ್ಬಿಣದ ಕಡಲೆ. ಆದರೂ ಈ ಭಾಗ ಬಂದಾಗ ತರಗತಿ ಗದ್ದಲ ಮಾಡುವುದಿಲ್ಲ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹುಡುಕಿಕೊಂಡು ತಾಯಿ ಹೋಗುತ್ತಾಳೆ. ಅದೂ ಒಡೆಯರ ಮನೆಯ ಕೆಲಸ ಮುಗಿಸಿದ ಮೇಲೆ. ಮಾರಾಟವಾದ ಹೆಂಗಸಿಗೆ ಮಗ ಸತ್ತರೂ ರಜೆಯಿಲ್ಲ. ಅವಳು ತನ್ನ ದುಃಖದ ಲಕ್ಷಣಗಳನ್ನು ವರ್ಣಿಸುತ್ತಾ ಕೂರುವುದಿಲ್ಲ. ಮಗನೊಂದಿಗೇ ಮಾತಾಡುತ್ತಾಳೆ. ಕೊನೆಗೆ ಸುಡುಗಾಡಿಗೆ ಹೋದರೆ ಅಲ್ಲಿ ಕಾವಲು ಕಾಯುವವನು ನೆಲದ ತೆರಿಗೆ ಕೇಳುತ್ತಾನೆ, ಅವನೇ ಅವಳ ಗಂಡ. ದುಃಖ ಎಂದರೆ ಒಂದು ಸಂಬಂಧ, ಅದರ ಸುತ್ತ ಕೆಲಸ, ಹಣ, ಅಧಿಕಾರ ಎಲ್ಲ ಸುತ್ತಿಕೊಂಡಿರುತ್ತವೆ ಎಂದು ರಾಘವಾಂಕನಿಗೆ ಗೊತ್ತಿತ್ತು. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಪದ್ಯವೂ ಹಾಗೆಯೇ. ಅಲ್ಲಿ ಮಗುವಿನ ಸಾವಿನ ಎದುರು ಗಂಡ ಹೆಂಡತಿ ಇಬ್ಬರಿದ್ದಾರೆ. ಅವಳ ನೋಟವನ್ನು ಎದುರಿಸಲಾರದ ಅವನ ಸಂಕಟವೇ ಪದ್ಯ. ಕೈಪಿಡಿಯಲ್ಲಿ ದುಃಖಿ ಯಾವಾಗಲೂ ಒಬ್ಬಳೇ.

ಸ್ಟ್ಯಾಫಿಸಾಗ್ರಿಯಾದ ಪುಟದ ಮೇಲೆ ನನ್ನ ದೊಡ್ಡ ತಕರಾರಿದೆ. ನುಂಗಿಕೊಂಡ ಸಿಟ್ಟು, ಸಹಿಸಿಕೊಂಡ ಅವಮಾನ ಎಂದು ಅಲ್ಲಿ ಬರೆದಿದೆ. ನಮ್ಮ ಸುತ್ತ ಗಂಡ ಸತ್ತ ಹೆಂಗಸರ ಸಿಟ್ಟಿಗೆ ಎಷ್ಟೋ ಸಲ ಸರಿಯಾದ ಕಾರಣವಿರುತ್ತದೆ. ಮೈದುನ ಮನೆಯ ಪತ್ರ ಕೊಡುವುದಿಲ್ಲ, ಪಿಂಚಣಿಯ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ, ಮದುವೆಮನೆಯ ಆರತಿಗೆ ಕರೆಯುವುದಿಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂದಾಗ ಓದಿದ ಹೆಂಗಸರಿಗೆ ಆ ಬಾಲವಿಧವೆಯ ಬಾಳು ಹೊಸ ಸುದ್ದಿಯಾಗಿರಲಿಲ್ಲ, ಬರೆದವರು ಸಿಕ್ಕಿದ್ದು ಹೊಸದು. ಇಂಥ ಸಿಟ್ಟಿಗೆ ಬೇಕಾದ್ದು ವಕೀಲರು, ಬ್ಯಾಂಕಿನ ಕಾಗದ, ಜೊತೆಗೆ ಬರುವ ಒಬ್ಬ ತಮ್ಮ. ಅದನ್ನು ಅವಳ ಸ್ವಭಾವದ ಲಕ್ಷಣವೆಂದು ಬರೆದು ಸಿಹಿ ಗುಳಿಗೆ ಕೊಟ್ಟರೆ ಅನ್ಯಾಯ ಮಾಡಿದವರಿಗೆ ಅನುಕೂಲ, ಅವಳಿಗಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ದುಃಖಕ್ಕೆ ಪಟ್ಟಿ ಹಾಕುವ ಚಟ ಹೋಮಿಯೋಪಥಿಗೆ ಮಾತ್ರ ಇಲ್ಲ. ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಹೇಳಿದ ಐದು ಹಂತಗಳು ಮೂಲತಃ ಸಾವಿನ ದಾರಿಯಲ್ಲಿದ್ದ ರೋಗಿಗಳ ಕುರಿತಾದವು. ಅದನ್ನೇ ಉಳಿದವರ ದುಃಖಕ್ಕೂ ಹಚ್ಚಿ, ಯಾರು ಎಷ್ಟನೆಯ ಮೆಟ್ಟಿಲಲ್ಲಿದ್ದಾರೆ ಎಂದು ಎಣಿಸುವವರಾದರು. ಈಗ ಮನೋವೈದ್ಯರು ಮುಗಿಯದೆ ಎಳೆಯುವ ದುಃಖವನ್ನು ಒಂದು ಕಾಯಿಲೆಯಾಗಿ ಗುರುತಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಅದಕ್ಕೆ ಕನಿಷ್ಠ ಆರು ತಿಂಗಳ ಗಡುವು. ಅಮೆರಿಕದವರ ಅದೇ ವರ್ಷದ ಪಟ್ಟಿಯಲ್ಲಿ ದೊಡ್ಡವರಿಗೆ ಒಂದು ವರ್ಷ. ನಮ್ಮ ಹಿರಿಯರು ತಿಂಗಳಿಗೊಂದು ಮಾಸಿಕ ಮಾಡಿಸಿ ವರ್ಷಾಂತಿಕದವರೆಗೆ ಕಾಯುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಸಾಧಾರಣವಾಗಿ ಹತ್ತರಲ್ಲಿ ಒಂಬತ್ತು ಜನರ ದುಃಖ ಯಾವ ಔಷಧಿಯೂ ಇಲ್ಲದೆ ಕಾಲ ಕಳೆದಂತೆ ಹಗುರಾಗುತ್ತದೆ. ಹಾಗೆ ಹಗುರಾಗುವ ತಿಂಗಳುಗಳಲ್ಲಿ ಗುಳಿಗೆ ತಿಂದಿದ್ದರೆ ಕೀರ್ತಿ ಗುಳಿಗೆಗೆ ಹೋಗುತ್ತದೆ.

ದಂಡು ಪ್ರದೇಶದ ನಮ್ಮ ಜನ ದುಃಖವನ್ನು ಹೇಗೆ ಹೊತ್ತರು ಎಂಬುದನ್ನೂ ನೋಡಬೇಕು. ಹಲಸೂರಿನ ತಮಿಳು ಕೇರಿಗಳಲ್ಲಿ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಕೂತು ಒಪ್ಪಾರಿ ಹೇಳುತ್ತಾರೆ. ಸತ್ತವರ ಗುಣ, ಊರು, ಅವರು ತಂದುಕೊಟ್ಟ ಸೀರೆ ಎಲ್ಲ ಅದರಲ್ಲಿ ಬರುತ್ತದೆ. ಶಿವಾಜಿನಗರದ ಮುಸ್ಲಿಂ ಮನೆಗಳಲ್ಲಿ ಗಂಡ ತೀರಿಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ನವೆಂಬರ್ 2ರಂದು ಕಲ್ಪಳ್ಳಿಯ ಸಮಾಧಿಗಳ ಮೇಲೆ ಹೂವು, ಮೇಣದ ಬತ್ತಿ ತುಂಬಿರುತ್ತವೆ. ಈ ಆಚರಣೆಗಳಲ್ಲಿ ಹೆಣ್ಣನ್ನು ಕಟ್ಟಿಹಾಕುವ ಅಂಶಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಎಲ್ಲದರಲ್ಲೂ ಸತ್ತವರ ಹೆಸರಿದೆ, ಜೊತೆಗೆ ಕೂರುವ ಜನವಿದೆ, ಮತ್ತು ಇಷ್ಟು ದಿನ ಎಂಬ ಲೆಕ್ಕವಿದೆ. 1898ರ ಪ್ಲೇಗಿನಲ್ಲಿ ಬೆಂಗಳೂರಿಗರು ಮನೆ ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಆ ಹೆದರಿಕೆಯಿಂದ ಹುಟ್ಟಿದ ಹೊಸ ಬಡಾವಣೆಯೇ 1906ರ ಫ್ರೇಸರ್ ಟೌನ್, ಈಗಿನ ಪುಲಿಕೇಶಿನಗರ. ಪ್ಲೇಗಮ್ಮನ ಗುಡಿಗಳು ಎದ್ದದ್ದೂ ಆ ಕಾಯಿಲೆಯಿಂದಲೇ. 2021ರಲ್ಲಿ ಮತ್ತೆ ಸಾವಿನ ಮನೆಗೆ ಜನ ಹೋಗದಂತಾಯಿತು. ಬೆರಳೆಣಿಕೆಯ ಜನರ ಎದುರು, ಚಿತಾಗಾರದ ಸಾಲಿನಲ್ಲಿ ಎಲ್ಲ ಮುಗಿಯಿತು. ನಮ್ಮ ಅತ್ತಿಗೆಯಂಥವರ ಗಂಟಲಲ್ಲಿ ಸಿಕ್ಕಿಕೊಂಡದ್ದು ಆ ನಡೆಯದೇ ಹೋದ ಕಾರ್ಯ ಎಂದು ನನಗೆ ತೋರುತ್ತದೆ.

ಗುಳಿಗೆಯಿಂದ ನಷ್ಟವೇನು, ಸಕ್ಕರೆ ತಾನೇ ಎನ್ನುವವರಿಗೆ ಒಂದು ಮಾತು. ನಷ್ಟ ಗುಳಿಗೆಯಲ್ಲಿಲ್ಲ, ಅದರ ನೆಚ್ಚಿಕೆಯಲ್ಲಿ ಕಳೆದುಹೋಗುವ ದಿನಗಳಲ್ಲಿದೆ. ಮನೆಗೆ ಬಂದ ಪರಿಚಿತರೊಬ್ಬರು, ಈ ಔಷಧಿ ನಡೆಯುವಾಗ ಇಂಗ್ಲಿಷ್ ಮಾತ್ರೆ ಬೇಡ ಎಂದು ಅತ್ತಿಗೆಯ ಬಿ.ಪಿ. ಮಾತ್ರೆ ನಿಲ್ಲಿಸಲು ಹೇಳಿದ್ದರು. ಅವರ ತಂಗಿ ಗದರಿಸಿ ಮತ್ತೆ ಕೊಡದಿದ್ದರೆ ಏನಾಗುತ್ತಿತ್ತೋ. ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆಗಳನ್ನು ದುಃಖದ ದಿನಗಳಲ್ಲಿ ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ. ಸಾವಿನ ಆಘಾತದ ನಂತರ ಎದೆನೋವು, ಉಸಿರಾಟದ ತೊಂದರೆ ಬಂದರೆ ಅದು ಮನಸ್ಸಿನ ಸಂಕಟ ಎಂದು ಮಲಗಿಸಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ತೆಗೆಸಿ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಆಘಾತದಿಂದ ಹೃದಯದ ಬಡಿತದ ಬಲವೇ ಕುಗ್ಗುವ ಒಂದು ಕಾಯಿಲೆಯುಂಟು. ಜಪಾನಿನ ವೈದ್ಯರು 1990ರಲ್ಲಿ ಅದನ್ನು ವಿವರಿಸಿ ತಾಕೋತ್ಸುಬೋ ಎಂದು ಹೆಸರಿಟ್ಟರು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುಪಾಲು ಜನ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ತಿಂಗಳುಗಟ್ಟಲೆ ನಿದ್ದೆಯಿಲ್ಲ, ಊಟವಿಲ್ಲ, ಸ್ನಾನವೂ ಬೇಡವಾಗಿದೆ, ನಾನೂ ಅವರ ಹಿಂದೆ ಹೋಗಬೇಕು ಎಂಬ ಮಾತು ಬಂದಿದೆ ಎಂದರೆ ಕೈಪಿಡಿ ಮುಚ್ಚಿಡುವ ಹೊತ್ತು ಅದು. ನಮ್ಮ ಊರಿನಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಕೆ.ಆರ್. ಪುರದಿಂದ ಅಲ್ಲಿಗೆ ಹೋಗುವುದು ಕಷ್ಟವಾದರೆ 14416ಕ್ಕೆ ಫೋನು ಮಾಡಬಹುದು. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಅಲ್ಲಿಗೆ ಮಾತಾಡಿದವರು ಹುಚ್ಚರಲ್ಲ ಎಂಬುದನ್ನು ನಾವು ಹೆಂಗಸರೇ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾಗಿದೆ.

ಕೊನೆಗೆ ಅಂಕಗಳು. ದುಃಖದ ಬಗೆಗಳನ್ನು ಕಂಡು ಬರೆದದ್ದಕ್ಕೆ ಈ ಕೈಪಿಡಿಗೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ರೋಗಿಯ ಮಾತು ಕೇಳಬೇಕೆಂಬ ಹಾನಿಮನ್ನರ ಪಾಠಕ್ಕೆ ಇನ್ನೂ ಹೆಚ್ಚು. ಪರಿಹಾರದ ಭಾಗಕ್ಕೆ ಅಂಕವಿಲ್ಲ. ಅಲ್ಲಿ ಸಕ್ಕರೆಯಿದೆ, ನಂಬಿಕೆಯಿದೆ, ಬೇರೇನೂ ಇಲ್ಲ. ಪುಸ್ತಕವನ್ನು ಎಸೆಯಬೇಕೆಂದು ನಾನು ಹೇಳುವುದಿಲ್ಲ. ಅಳದವಳನ್ನು ಆಡಿಕೊಳ್ಳಬಾರದು, ಸಮಾಧಾನ ಬೇಡ ಎಂದವಳನ್ನು ಕಾಡಬಾರದು ಎಂಬುದನ್ನು ಅದರಿಂದ ಕಲಿಯೋಣ. ಇನ್ನು ಸಾವಿನ ಮನೆಗೆ ಹೋದಾಗ ಕಾಯಿಲೆ ಎಷ್ಟು ದಿನವಿತ್ತು, ಆಸ್ಪತ್ರೆಯವರು ಎಷ್ಟು ತೆಗೆದುಕೊಂಡರು ಎಂಬ ವಿಚಾರಣೆ ಬಿಟ್ಟು ಹೋದವರ ಹೆಸರು ಹಿಡಿದು ಒಂದು ಮಾತು ಕೇಳೋಣ. ಅವರು ಹೇಗಿದ್ದರು, ಏನು ಇಷ್ಟಪಡುತ್ತಿದ್ದರು ಎಂದು. ಆಮೇಲೆ ಅಡ್ಡ ಬಾಯಿ ಹಾಕದೆ ಕೂತು ಕೇಳೋಣ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೋಗೋಣ, ಆಗ ಮನೆಯಲ್ಲಿ ಜನ ಕಡಿಮೆ ಇರುತ್ತಾರೆ.